ಹನ್ನೊಂದು ಮಂದಿಯ ಹಾಡು

ಮಾರ್ಚ್ 8, 2026, ರವಿವಾರ

ಇಂದು ಇಲ್ಲಿಯ ನಮ್ಮ ಕನ್ನಡ ಸಂಘದ ಸಭೆಯಲ್ಲಿ ನನ್ನ ಹೆಸರು ಸರ್ವಾನುಮತದಿಂದ ಬಂತು. ಬಂದವರು ಏಳು ಜನ, ಅದರಲ್ಲಿ ಒಬ್ಬರು ನಿದ್ದೆ ಹೊಡೆಯುತ್ತಿದ್ದರು, ಆದರೂ ಸರ್ವಾನುಮತ ಸರ್ವಾನುಮತವೇ. ಕೋವಿಡ್ಡಿನ ಎರಡನೆಯ ಅಲೆಗೆ ಈ ಏಪ್ರಿಲ್ಲಿಗೆ ಐದು ವರ್ಷ. ಆ ಎರಡು ತಿಂಗಳಲ್ಲಿ ನಮ್ಮ ಸಂಘದ ಹನ್ನೊಂದು ಮಂದಿ ಹೋದರು. ದೇಶದಲ್ಲಿ ಎಷ್ಟು ಜನ ಹೋದರು ಎಂದು ಟಿವಿಯಲ್ಲಿ ಈಗಲೂ ಜಗಳಾಡುತ್ತಾರೆ. ನಮ್ಮ ಹನ್ನೊಂದರ ಬಗ್ಗೆ ಜಗಳವಿಲ್ಲ, ಎಲ್ಲರ ಮನೆಗೂ ಹೋಗಿ ಚಹಾ ಕುಡಿದವರು ನಾವು. ಏಪ್ರಿಲ್ 26ಕ್ಕೆ ವಡಾಲದ ಸಭಾಂಗಣದಲ್ಲಿ ಕಾರ್ಯಕ್ರಮ. ಒಬ್ಬೊಬ್ಬರಿಗೆ ಒಂದೊಂದು ಹಾಡು. ಬರೆಯುವವನು ನಾನು, ಹಾಡುವವಳು ಯಕ್ಷಿತಾ ಎಂಬ ಕಾಲೇಜು ಹುಡುಗಿ.

ನನ್ನನ್ನು ಬಿಟ್ಟು ಇನ್ನಾರು ಬರೆದಾರು? ವಿಕ್ರೋಳಿಯ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಇದ್ದೆ. ಅಲ್ಲಿ ನಿವೃತ್ತರಾದ ಕನ್ನಡಿಗರಿಗೆಲ್ಲ ಬಿನ್ನವತ್ತಳೆ ಬರೆದವನು ಈ ಶಿವಪುತ್ರಪ್ಪ. ಸಂಘದಲ್ಲಿ ಯಾರಿಗೆ ಶಾಲು ಹೊದಿಸಿದರೂ, ಜೊತೆಗೆ ಕೊಡುವ ಕಟ್ಟು ಹಾಕಿಸಿದ ಹೊಗಳಿಕೆ ನನ್ನದೇ. ನೂರಾ ತೊಂಬತ್ತರ ಮೇಲಾಗಿವೆ. ಒಬ್ಬರೂ ದೂರಿಲ್ಲ.

ಮನೆಗೆ ಬಂದು ಗುರುಬಾಯಿಗೆ ಹೇಳಿದೆ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತ, ಸತ್ತವರಿಗೂ ಶಾಲು ಹೊದಿಸುತ್ತೀರೇನು ಎಂದು ಕೇಳಿದಳು. ನಲವತ್ತೊಂದು ವರ್ಷದ ಸಂಸಾರದಲ್ಲಿ ಈ ಹೆಂಗಸು ನನ್ನ ಸಾಹಿತ್ಯಕ್ಕೆ ಕೊಟ್ಟ ಪ್ರೋತ್ಸಾಹ ಇಷ್ಟೇ.

ಪಟ್ಟಿಯ ಒಂಬತ್ತನೆಯ ಹೆಸರು ನಾಗವ್ವ, ಗುರುಬಾಯಿಯ ಸ್ವಂತ ಅಕ್ಕ. ಪಟ್ಟಿಯನ್ನು ಅವಳ ಮುಂದೆ ಹಿಡಿದೆ. ಕನ್ನಡಕ ಎಲ್ಲೋ ಇಟ್ಟಿದ್ದೇನೆ, ಕಾಣುವುದಿಲ್ಲ ಎಂದಳು. ಕನ್ನಡಕ ತಲೆಯ ಮೇಲೆಯೇ ಇತ್ತು. ನಾನು ಹೇಳಲಿಲ್ಲ.

ಮಾರ್ಚ್ 15, ರವಿವಾರ

ಒಂದೇ ದಿನಕ್ಕೆ ಎರಡು ಹಾಡು ಮುಗಿದವು. ಮೊದಲನೆಯದು ಸದಾನಂದರದು. ಫೋರ್ಟಿನ ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ಇಪ್ಪತ್ತೆಂಟು ವರ್ಷ ಕುಳಿತವರು. ಎರಡನೆಯದು ಗಾದಿ ಹೊಲಿಯುತ್ತಿದ್ದ ಜಮಾಲಸಾಬರದು. ಇಬ್ಬರನ್ನೂ ಬಲ್ಲೆ, ಆದ್ದರಿಂದ ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ. 'ಸದಾನಂದ ಸದಾ ಹಸನ್ಮುಖಿ, ಸೇವೆಯೊಳೇ ನೀ ಸದಾ ಸುಖಿ' ಎಂಬ ಪ್ರಾಸ ಸ್ನಾನ ಮಾಡುವಾಗ ತಾನಾಗಿ ಬಂತು. ಇಂಥದ್ದಕ್ಕೇ ಪ್ರತಿಭೆ ಎನ್ನುತ್ತಾರೆ.

ಈ ವೇಗದಲ್ಲಿ ನಡೆದರೆ ತಿಂಗಳ ಕೊನೆಗೆ ಹನ್ನೊಂದೂ ಮುಗಿಯುತ್ತವೆ. ಪುಸ್ತಿಕೆಯ ಹಿಂಬದಿಗೆ ನನ್ನದೊಂದು ಫೋಟೊ ಬೇಕಾಗಬಹುದು. ಕಪ್ಪು ಕೋಟಿನದನ್ನು ಹುಡುಕಿಟ್ಟಿದ್ದೇನೆ.

ಮಾರ್ಚ್ 19, ಗುರುವಾರ

ಸಂಘದ ಕಾರ್ಯದರ್ಶಿ ಅಕ್ಷಯ ಬಂದಿದ್ದ. ಸದಾನಂದರ ಮಗ ಅವನೇ. ಓದಿದ್ದು ಇಂಗ್ಲಿಷ್, ಆಡುವುದು ಹಿಂದಿ, ಕನ್ನಡವನ್ನು ಬೆರಳಿಟ್ಟು ಕೂಡಿಸಿ ಓದುತ್ತಾನೆ. ಅಪ್ಪನ ಹಾಡನ್ನು ಓದಲು ಹತ್ತು ನಿಮಿಷ ತೆಗೆದುಕೊಂಡ. ಹಸನ್ಮುಖಿ ಅಂದರೇನು ಎಂದು ಕೇಳಿದ. ಯಾವಾಗಲೂ ನಗುವವರು ಎಂದೆ.

"ಅಂಕಲ್, ಪಪ್ಪಾ ಗಲ್ಲೆ ಮೇಲೆ ಯಾವತ್ತೂ ನಗ್ತಿರ್ಲಿಲ್ಲ. ಯೇ ಕೋಯಿ ಔರ್ ಹೈ" ಎಂದ. ಇವರು ಬೇರೆ ಯಾರೋ ಅಂತೆ.

ಆಮೇಲೆ ಕೊನೆಯ ಸಾಲಿಗೆ ಬಂದ. ಮೆಲ್ಲಗೆ ಓದಿದ, ಮತ್ತೊಮ್ಮೆ ಓದಿದ, ಕಾಗದವನ್ನು ನನ್ನ ಕಡೆಗೆ ತಿರುಗಿಸಿದ. 'ಭಗವಂತನು ತಮಗೆ ಆಯುರಾರೋಗ್ಯ ಕೊಟ್ಟು ನೂರ್ಕಾಲ ಕಾಪಾಡಲಿ' ಎಂದಿತ್ತು. ನನ್ನದೇ ಅಕ್ಷರ. ನೂರಾ ತೊಂಬತ್ತು ಬಿನ್ನವತ್ತಳೆಗಳನ್ನು ಹೀಗೆಯೇ ಮುಗಿಸಿದ ಕೈ ಅದು, ತನ್ನ ಪಾಡಿಗೆ ತಾನು ಬರೆದುಬಿಟ್ಟಿದೆ. ಜಮಾಲಸಾಬರ ಹಾಡನ್ನು ತೆಗೆದು ನೋಡಿದೆ. ಅವರಿಗೂ ನೂರು ವರ್ಷ ಬೇಡಿಕೊಂಡಿದ್ದೆ.

ಒಳಗೆ ಗುರುಬಾಯಿ ನಗಲು ಶುರು ಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಗೋಡೆ ಹಿಡಿದುಕೊಂಡು ನಕ್ಕಳು. ಅಕ್ಷಯನೂ ನಕ್ಕ. ಅಪ್ಪನನ್ನು ಕಳೆದುಕೊಂಡ ಹುಡುಗ ನಕ್ಕದ್ದರಿಂದ ನಾನು ಸಿಟ್ಟು ಮಾಡುವಂತಿರಲಿಲ್ಲ. ಅವಮಾನವಂತೂ ಆಯಿತು.

ಮಾರ್ಚ್ 20, ಶುಕ್ರವಾರ

ಬರೆಯಲಿಲ್ಲ. ಮೆಂತ್ಯೆ ಪಲ್ಯ ಕಹಿಯಾಗಿತ್ತು.

ಮಾರ್ಚ್ 24, ಮಂಗಳವಾರ

ಜಮಾಲಸಾಬರ ಹೆಂಡತಿ ಸುಗರಾಬಾಯಿಯನ್ನು ನೋಡಲು ಆಂಟಾಪ್ ಹಿಲ್ಲಿಗೆ ಹೋದೆ. ಕೇಳದೆ ಬರೆದರೆ ಹೀಗಾಗುತ್ತದೆ ಎಂದು ಅಕ್ಷಯ ಫೋನಿನಲ್ಲಿ ಮೂರು ಸಲ ಹೇಳಿದ್ದ. ಕಾರ್ಯದರ್ಶಿಯ ಮಾತು, ಮೀರುವಂತಿಲ್ಲ.

ನನ್ನ ಹಾಡನ್ನು ಓದಿ ತೋರಿಸಿದೆ (ನೂರು ವರ್ಷದ ಸಾಲು ಬಿಟ್ಟು). 'ಧೀರ, ಶೂರ, ಶ್ರಮದ ಸಾಕಾರ' ಎಂಬಲ್ಲಿ ಅವರು ಕೈ ಎತ್ತಿ ನಿಲ್ಲಿಸಿದರು.

"ಭಾಯಿಸಾಬ್, ಖರೆ ಬರೀರಿ. ಲಿಫ್ಟಿಗಿ ಹೆದರತಿದ್ರು ಅಂತ ಬರೀರಿ."

ವಿಷಯ ಹೀಗಂತೆ. ಜಮಾಲಸಾಬರು ಗಾದಿಯನ್ನು ತಲೆಯ ಮೇಲೆ ಹೊತ್ತು ಆರು ಮಹಡಿ ಹತ್ತಿ ಕೊಡುತ್ತಿದ್ದರು. ಲಿಫ್ಟಿನಲ್ಲಿ ಬನ್ನಿ ಎಂದರೆ, ಲಿಫ್ಟಿನ ಗಾಳಿಗೆ ಹತ್ತಿ ಕೆಡುತ್ತದೆ ಎನ್ನುತ್ತಿದ್ದರಂತೆ. ಗಿರಾಕಿಗಳು ಅದನ್ನು ನಂಬಿ, ಎಂಥ ಕುಶಲಕರ್ಮಿ ಎಂದು ಹೊಗಳುತ್ತಿದ್ದರಂತೆ. ಹೊಗಳಿದವರಲ್ಲಿ ನಾನೂ ಒಬ್ಬ. ನಮ್ಮ ಮನೆಯ ಗಾದಿಯೂ ಮೆಟ್ಟಿಲು ಹತ್ತಿಯೇ ಬಂದದ್ದು. ಆಸ್ಪತ್ರೆಯಲ್ಲಿ ವಾರ್ಡು ಐದನೆಯ ಮಹಡಿಯಲ್ಲಿತ್ತು, ಸ್ಟ್ರೆಚರಿನ ಮೇಲೆ ಲಿಫ್ಟಿನೊಳಗೆ ಒಯ್ದರು. ಬಾಗಿಲು ಮುಚ್ಚುವಾಗ ಹೆಂಡತಿಯ ಕಡೆ ನೋಡಿದ್ದೇ ಕೊನೆ. ಆ ಹೊತ್ತಿಗೆ ರೋಗಕ್ಕಿಂತ ಲಿಫ್ಟಿಗೇ ಹೆಚ್ಚು ಹೆದರಿದ್ದರು ಎಂದು ಹೇಳಿ ಸುಗರಾಬಾಯಿ ನಕ್ಕರು, ಕಣ್ಣು ಒರೆಸಿಕೊಂಡರು, ಇನ್ನಷ್ಟು ಶೀರಕುರ್ಮಾ ಬಡಿಸಿದರು. ರಂಜಾನ್ ಹಬ್ಬದ್ದು ಉಳಿದಿತ್ತಂತೆ.

ಆರು ಮಹಡಿಯನ್ನು ಆರು ನುಡಿ ಮಾಡಬಹುದು. ಪ್ರಾಸ ಕೂಡುತ್ತಿಲ್ಲ. ಕೂಡದಿದ್ದರೆ ಬಿಡಲಿ.

ಮಾರ್ಚ್ 31, ಮಂಗಳವಾರ

ವಾರದಲ್ಲಿ ಐದು ಮನೆ ತಿರುಗಿದೆ. ಕಾಲು ಊದಿಕೊಂಡಿವೆ. ಎಲ್ಲ ಮನೆಗಳಲ್ಲೂ ಒಂದೇ ಕಥೆ: ಮೊದಲು ಹತ್ತು ನಿಮಿಷ, ದೇವರಂಥ ಮನುಷ್ಯ ಎನ್ನುತ್ತಾರೆ. ಚಹಾ ಬಂದ ಮೇಲೆ ನಿಜವಾದ ಮನುಷ್ಯ ಬರುತ್ತಾನೆ.

ಸದಾನಂದರದು ಹೊಸದಾಗಿ ಬರೆದೆ. ಅವರಿಗೆ ಹಾರ್ಬರ್ ಲೈನಿನ ರೈಲುಗಳ ಟೈಮ್ ಟೇಬಲ್ ಬಾಯಿಪಾಠ. ಗಿರಾಕಿಗಳ ಮುಖ ನೋಡಿ ಇವನದು ಯಾವ ಲೋಕಲ್ ಎಂದು ಹೇಳುತ್ತಿದ್ದರು, ಹರಟೆ ಹೊಡೆಯುತ್ತ ಕುಳಿತವರನ್ನು ಗದರಿಸಿ ಎಬ್ಬಿಸುತ್ತಿದ್ದರು. ಹೋಟೆಲಿನ ಮಾಲೀಕರಿಗೆ ಇದು ಸೇರುತ್ತಿರಲಿಲ್ಲ. ಹಾಡು ಹೀಗಾಯಿತು:

ಕಾಫಿ ಆರುವುದರೊಳಗೆ ಐದು ನಲವತ್ತೆರಡು ಬರುತ್ತದೆ,
ಬೇಗ ಕುಡಿಯಿರಿ, ಮನೆಯಲ್ಲಿ ಮಕ್ಕಳು ಕಾಯುತ್ತಾರೆ.

ಅಕ್ಷಯ ಓದಿದ. ಬೆರಳು ಆ ಸಾಲಿನ ಮೇಲೆಯೇ ನಿಂತಿತು. ಪಪ್ಪಾ ಮಾತ್ರ ಕೊನೆಯ ಗಾಡಿಗೆ ಬರುತ್ತಿದ್ದರು, ನಾನು ಕಾಯುತ್ತಲೇ ಮಲಗಿಬಿಡುತ್ತಿದ್ದೆ ಎಂದ. ಆಮೇಲೆ ತುಂಬ ಹೊತ್ತು ಕುಳಿತ. ಗುರುಬಾಯಿ ಎರಡನೆಯ ಸಲ ಚಹಾ ಕೊಟ್ಟಳು. ಅವಳು ಸಂಘದವರಿಗೆ ಎರಡನೆಯ ಚಹಾ ಕೊಟ್ಟದ್ದನ್ನು ನಾನು ನೋಡಿದ್ದಿಲ್ಲ.

ಏಪ್ರಿಲ್ 3, ಶುಕ್ರವಾರ

ಹತ್ತು ಮುಗಿದವು. ಉಳಿದದ್ದು ನಾಗಕ್ಕನದು. ಇದಕ್ಕೆ ಯಾರ ಮನೆಗೂ ಹೋಗುವ ಅಗತ್ಯವಿಲ್ಲ, ನನ್ನ ಹೆಂಡತಿಯ ಅಕ್ಕ, ನನಗೆ ಗೊತ್ತಿಲ್ಲದ್ದು ಏನಿದೆ ಎಂದುಕೊಂಡು ಬೆಳಿಗ್ಗೆ ಕುಳಿತು ಬರೆದೆ. 'ತ್ಯಾಗಮಯಿ, ಕರುಣಾಮಯಿ, ಮಮತೆಯ ಮಾಯಿ.' ಊಟದ ಹೊತ್ತಿಗೆ ಗುರುಬಾಯಿಗೆ ಓದಿದೆ.

ಈ ಸಲ ಅವಳು ನಗಲಿಲ್ಲ.

"ಇದನ್ನ ಯಾರ ಮುಂದ ಬೇಕಾದ್ರೂ ಓದ್ರಿ, ನಡೀತದ. ನಮ್ಮಕ್ಕಂದು ಬಿಟ್ಟಬಿಡ್ರಿ" ಎಂದಳು.

ಹನ್ನೊಂದು ಎಂದು ಕರೆಯೋಲೆಯಲ್ಲಿ ಅಚ್ಚಾಗಿದೆ, ಬಿಡುವುದು ಹೇಗೆ ಎಂದೆ. ನಿನ್ನ ನೆನಪಿನ ನಾಲ್ಕು ಮಾತು ಹೇಳು ಎಂದೆ. ಅವಳು ತಾಟು ತೊಳೆಯಲು ಎದ್ದುಹೋದಳು. ತಾಟಿನಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು.

ಏಪ್ರಿಲ್ 4, ಶನಿವಾರ

ಈ ದಿನಚರಿಯನ್ನು ಯಾರೂ ಓದುವುದಿಲ್ಲ. ಆದ್ದರಿಂದ ಬರೆದಿಡುತ್ತೇನೆ.

ನಮ್ಮ ವಿಜಯಪುರದ ಕಡೆ ಯಾರಾದರೂ ಸತ್ತರೆ ಹೆಣ್ಣುಮಕ್ಕಳು ಹೆಣದ ಮುಂದೆ ಕುಳಿತು ಹಾಡಿ ಅಳುತ್ತಾರೆ. ಸತ್ತವರನ್ನು ಹೊಗಳುತ್ತಾರೆ, ಬೈಯುತ್ತಾರೆ, ಹಳೆಯ ಜಗಳ ತೆಗೆಯುತ್ತಾರೆ. ಹೆಣ ಸಿಗದಿದ್ದರೆ, ಆ ಮನೆಯವರನ್ನು ಮೊದಲ ಸಲ ಕಂಡಾಗ ಕೊರಳಿಗೆ ಬಿದ್ದು ಹಾಡುತ್ತಾರೆ. ಅಷ್ಟಾದ ಮೇಲೆಯೇ ಆ ಮನೆಯಲ್ಲಿ ನೀರು ಕುಡಿಯುವುದು. ಗುರುಬಾಯಿ ನಾಗಕ್ಕನಿಗೆ ಹಾಡಿ ಅಳಲಿಲ್ಲ. ಅಕ್ಕನ ಮಗಳು ಸೌಮ್ಯಾಳ ಕೊರಳಿಗೂ ಬೀಳಲಿಲ್ಲ. ಐದು ವರ್ಷದಿಂದ ವಿಕ್ರೋಳಿಯ ಆ ಮನೆಗೆ ಹೋಗಿಲ್ಲ. ಹಬ್ಬಕ್ಕೆ ಫೋನಿನಲ್ಲಿ ಹೂವಿನ ಚಿತ್ರ ಕಳಿಸುತ್ತಾರೆ, ಇವಳೊಂದು, ಅವಳೊಂದು.

2021ರ ಏಪ್ರಿಲ್ 22. ಬೆಳಿಗ್ಗೆ ಹನ್ನೊಂದಕ್ಕೆ ಸೌಮ್ಯಾಳ ಫೋನು. ಅಕ್ಕನನ್ನು ಆಸ್ಪತ್ರೆಯಿಂದ ನೇರ ಸ್ಮಶಾನಕ್ಕೆ ಒಯ್ಯುತ್ತಾರೆ, ಗೇಟಿನ ಹೊರಗೆ ಎರಡು ನಿಮಿಷ ಗಾಡಿ ನಿಲ್ಲಿಸುತ್ತಾರಂತೆ, ದೂರದಿಂದ ನೋಡಬಹುದು, ನಾನು ಒಬ್ಬಳೇ ಇದ್ದೇನೆ, ಬಾ ಎಂದಳು. ಗುರುಬಾಯಿ ಚಪ್ಪಲಿ ಮೆಟ್ಟಿದಳು. ನಾನು ಬಾಗಿಲಿನ ಮೇಲಿನ ಚಿಲಕ ಹಾಕಿದೆ. ಅವಳು ಕುಳ್ಳಿ, ಅದು ಅವಳಿಗೆ ನಿಲುಕುವುದಿಲ್ಲ. ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಕುಳಿತೆ.

ಅವಳಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಹೊರಗೆ ಬಿಡಬೇಡಿ ಎಂದಿದ್ದರು. ಮೂರನೆಯ ಮಹಡಿಯಲ್ಲಿ ಆ ವಾರವೇ ಇಬ್ಬರು ಹೋಗಿದ್ದರು. ನಾನು ಮಾಡಿದ್ದು ಸರಿ. ಐದು ವರ್ಷದಿಂದಲೂ ಸರಿಯೇ ಇದೆ.

ಅವಳು ಜಗಳಾಡಲಿಲ್ಲ. ಸೌಮ್ಯಾಳಿಗೆ ಫೋನ್ ಮಾಡಿ, ನಾನು ಬರುವುದಿಲ್ಲ ಎಂದಳು. ಅವರು ಬಿಡಲಿಲ್ಲ ಎನ್ನಲಿಲ್ಲ. ನಾನು ಬರುವುದಿಲ್ಲ ಎಂದಳು.

ಏಪ್ರಿಲ್ 11, ಶನಿವಾರ

ಒಂದು ವಾರ ನಾಗಕ್ಕನ ಹೆಸರೆತ್ತಲಿಲ್ಲ. ಇಂದು ಗುರುಬಾಯಿ ರೊಟ್ಟಿ ಬಡಿಯುತ್ತಿದ್ದಳು, ನಾನು ಹೊರಗೆ ಪೇಪರ್ ಹಿಡಿದು ಕುಳಿತಿದ್ದೆ. ರೊಟ್ಟಿಯ ಸಪ್ಪಳದ ನಡುವೆ ಸಣ್ಣ ದನಿ ಕೇಳಿಸಿತು. ಮೊದಲು ಯಾರನ್ನೋ ಬೈಯುತ್ತಿದ್ದಾಳೆ ಎಂದುಕೊಂಡೆ. ಬೈಯುತ್ತಲೇ ಇದ್ದಳು, ನಾಗಕ್ಕನನ್ನು. ಪೇಪರಿನ ಅಂಚಿನಲ್ಲಿ ಬರೆದುಕೊಂಡೆ. ಜಾಗ ಸಾಲದೆ ಕ್ರಿಕೆಟ್ ಪುಟದ ಮೇಲೂ ಬರೆದೆ.

ಉಪ್ಪಿನ ಗಂಟ ಸೆರಗಿಗಿ ಕಟಗೊಂಡ
ಮಂದಿ ಮದವ್ಯಾಗ ಸಾರಿಗಿ ಉದರಸಾಕಿ ನನ್ನಕ್ಕ
ಸಪ್ಪನ್ನ ಸಾರ ಅಂತ ಬೀಗರನ ಬೈಯಾಕಿ
ಅಲ್ಲಿ ಯಾರ ಸಾರಿಗಿ ಉಪ್ಪ ಹಾಕತಿ ನನ್ನಕ್ಕ

ನಾಕನೇ ಸೀಟಿಗಿ ಕುರ್ಲಾದ ತನಕ
ಸರಕೋರಿ ಸರಕೋರಿ ಅಂತ ಒದರಾಕಿ ನನ್ನಕ್ಕ
ಆವತ್ತ ದೊಡ್ಡ ಗಾಡ್ಯಾಗ ಒಬ್ಬಾಕಿನ ಮಲಗಿ
ಯಾರ ಕೂಡ ಜಗಳಾ ತಗದಿ ನನ್ನಕ್ಕ

ಎಲ್ಲ ನಿಜ. ಲೋಕಲ್ ಗಾಡಿಯಲ್ಲಿ ಮೂವರು ಕೂರುವ ಸೀಟಿನ ತುದಿಗೆ ನಾಲ್ಕನೆಯವಳಾಗಿ ಕೂರಲು ಜಗಳ ತೆಗೆಯುತ್ತಿದ್ದಳು. ನಾಗಕ್ಕ ಯಾರ ಮನೆಗೆ ಊಟಕ್ಕೆ ಹೋದರೂ ಉಪ್ಪಿನ ಪುಡಿಗಂಟು ಜೊತೆಗಿರುತ್ತಿತ್ತು. ನಮ್ಮ ಮನೆಗೂ ತರುತ್ತಿದ್ದಳು. ನನ್ನ ಬಿನ್ನವತ್ತಳೆ ಕೇಳಿ, ಇದಕ್ಕೂ ಒಂದು ಚಿಟಿಕೆ ಬೇಕು ನೋಡು ಎಂದಿದ್ದಳು ಪುಣ್ಯಾತ್ಗಿತ್ತಿ.

ಮೂರನೆಯ ನುಡಿ ಬಂತು.

ಕಾಲಾಗ ಚಪ್ಪಲಿ ಮೆಟ್ಟಿ ನಿಂತಿದ್ದೆ ನನ್ನಕ್ಕ
ಮನಿಯಾವ್ರು ಮ್ಯಾಗಿನ ಚಿಲಕ ಹಾಕ್ಯಾರ
ನನ ಕೈಗಿ ನಿಲುಕಲಿಲ್ಲ ನನ್ನಕ್ಕ

ಅದನ್ನೂ ಬರೆದುಕೊಂಡೆ. ಒಳಗೆ ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಅವಳು ಅಳುತ್ತಿರಲಿಲ್ಲ. ಸೀದ ರೊಟ್ಟಿಯನ್ನು ನನ್ನ ತಾಟಿಗೇ ಹಾಕಿದಳು, ನಾನು ತಿಂದೆ.

ಏಪ್ರಿಲ್ 13, ಸೋಮವಾರ

ಪುಸ್ತಿಕೆಗೆ ಹಸ್ತಪ್ರತಿ ಕೊಡಬೇಕಿತ್ತು. ನಾಗಕ್ಕನ ಹಾಡನ್ನು ಶುದ್ಧವಾಗಿ ಬರೆದು ಗುರುಬಾಯಿಯ ಮುಂದಿಟ್ಟೆ. ನೀ ಹಾಡಿದ್ದನ್ನೇ ಇಳಿಸಿದ್ದೇನೆ, ಸೌಮ್ಯಾಳನ್ನೂ ಕರೆಯುತ್ತೇನೆ ಎಂದೆ. ಈ ಸಲ ಕನ್ನಡಕ ಹಾಕಿಕೊಂಡು ಓದಿದಳು. ಮೂರನೆಯ ನುಡಿಯ ಮೇಲೆ ಬೆರಳಿಟ್ಟು, ಇದನ್ನು ಹೊಡೆದುಹಾಕಿ, ನಾಲ್ಕು ಮಂದಿ ಬರುವ ಜಾಗ ಎಂದಳು.

ಹೊಡೆದುಹಾಕಿದೆ. ಸಂಜೆ ಮತ್ತೆ ಬರೆದೆ. ಆ ಕಾಗದ ಗಲೀಜಾಯಿತೆಂದು ಹೊಸ ಕಾಗದದಲ್ಲಿ ಮೂರೂ ನುಡಿ ಬರೆದು ಅಕ್ಷಯನಿಗೆ ಕೊಟ್ಟೆ.

ಏಪ್ರಿಲ್ 19, ರವಿವಾರ

ಸೌಮ್ಯಾಳನ್ನು ಕರೆಯಲು ವಿಕ್ರೋಳಿಗೆ ಹೋದೆ, ಒಬ್ಬನೇ. ಹೋಗುವ ದಾರಿಯಲ್ಲಿ ಹೇಳಬೇಕಾದದ್ದನ್ನು ಸಾಲು ಸಾಲಾಗಿ ಜೋಡಿಸಿಕೊಂಡಿದ್ದೆ. ಅವಳು ಕಂಪನಿಯ ಆಫೀಸಿನಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ನೀರು ಕೊಟ್ಟಳು, ಕುಳಿತಳು. ಗೋಡೆಯ ಮೇಲೆ ನಾಗಕ್ಕನ ಫೋಟೊ, ಈಗಲೇ ಯಾರದೋ ಅಡುಗೆಯನ್ನು ಜರೆಯುವವಳ ಹಾಗೆ.

"ಕಾಕಾ, ಚಿಗವ್ವಗ ಹೆದರಿಕಿ ಇತ್ತು, ಮೈ ಸಮಝತೀ ಹೂಂ. ಎಲ್ಲಾರಿಗೂ ಇತ್ತು. ಪರ್ ಅವತ್ತ ನಾ ಒಬ್ಬಾಕಿನ ಇದ್ದೆ" ಎಂದಳು.

ಅವಳ ಮಾತಿಗೆ ನಾನು, ಈ ವರ್ಷ ಹಾಪೂಸ್ ಮಾವು ದುಬಾರಿ ಎಂದೆ. ನಲವತ್ತೈದು ನಿಮಿಷ ಮಾವಿನ ಹಣ್ಣಿನ ಬಗ್ಗೆ ಮಾತಾಡಿದೆ. ರತ್ನಾಗಿರಿಯದು, ದೇವಗಡದ್ದು, ಕರ್ನಾಟಕದಿಂದ ಬರುವ ಮೋಸದ್ದು. ನೂರಾ ತೊಂಬತ್ತು ಜನರನ್ನು ಹೊಗಳಿದ ಬಾಯಿ ಇದು. ಕರೆಯೋಲೆ ಕೊಟ್ಟು ಬಂದೆ.

ಮನೆಯಲ್ಲಿ ಗುರುಬಾಯಿ, ಸೌಮ್ಯಾ ಏನೆಂದಳು ಎಂದು ಕೇಳಿದಳು. ಬರುತ್ತಾಳಂತೆ ಎಂದೆ.

ಏಪ್ರಿಲ್ 26, ರವಿವಾರ

ಸಭಾಂಗಣ ತುಂಬಿತ್ತು. ನೆಲದ ಮೇಲೂ ಕುಳಿತಿದ್ದರು. ಸುಗರಾಬಾಯಿ ಮೊಮ್ಮಕ್ಕಳನ್ನೆಲ್ಲ ಕರೆತಂದು ಮುಂದಿನ ಸಾಲು ಹಿಡಿದಿದ್ದರು. ಜಮಾಲಸಾಬರು ಲಿಫ್ಟಿಗೆ ಹೆದರಿದ ನುಡಿ ಬಂದಾಗ ಜನ ನಗಬೇಕೋ ಬೇಡವೋ ಎಂದು ಅವರ ಕಡೆ ನೋಡಿದರು. ಅವರು ನಕ್ಕ ಮೇಲೆ ಎಲ್ಲರೂ ನಕ್ಕರು. ಸದಾನಂದರ ಹಾಡಿಗೆ ಅಕ್ಷಯ ವೇದಿಕೆಯ ಪಕ್ಕದ ಪರದೆಯ ಹಿಂದೆ ಹೋದ.

ಒಂಬತ್ತನೆಯದು ಬಂತು. ಯಕ್ಷಿತಾ ಹಾರ್ಮೋನಿಯಂ ಮೇಲೆ ಸುರು ಮಾಡಿದಳು. ಒಳ್ಳೆಯ ದನಿ, ಆದರೆ ಭಾವಗೀತೆಯ ಹಾಗೆ ಎಳೆದಳು. ನನ್ನ ಪಕ್ಕದಲ್ಲಿದ್ದ ಗುರುಬಾಯಿ ಎರಡು ಸಾಲು ತಡೆದುಕೊಂಡಳು. ಆಮೇಲೆ ಎದ್ದಳು, ವೇದಿಕೆಗೆ ಹೋಗಿ, ತಂಗೀ, ಇದನ್ನು ಹಾಗೆ ಅಳುವುದಲ್ಲ ಎಂದು ಹಾರ್ಮೋನಿಯಂ ಮುಚ್ಚಿಸಿದಳು. ಮೈಕಿನ ಮುಂದೆ ನೆಲದ ಮೇಲೆ ಕಾಲು ಮಡಿಸಿ ಕುಳಿತಳು. ಎದುರಿಗೆ ಹನ್ನೊಂದು ಫೋಟೊಗಳಿದ್ದವು. ಅವಳು ಒಂದನ್ನೇ ನೋಡುತ್ತ ಹಾಡಿದಳು.

ಉಪ್ಪಿನ ನುಡಿಗೆ ಸಭೆ ನಕ್ಕಿತು. ನಾಲ್ಕನೆಯ ಸೀಟಿಗೆ ಇನ್ನೂ ಜೋರಾಗಿ ನಕ್ಕಿತು, ಹೆಂಗಸರು ಒಬ್ಬರಿಗೊಬ್ಬರು ತಿವಿದರು. 'ಒಬ್ಬಾಕಿನ ಮಲಗಿ' ಎಂದಾಗ ನಗು ನಿಂತಿತು. 'ಕಾಲಾಗ ಚಪ್ಪಲಿ ಮೆಟ್ಟಿ ನಿಂತಿದ್ದೆ ನನ್ನಕ್ಕ' ಎಂದಳು. ಅಲ್ಲಿಗೆ ನಿಲ್ಲಿಸಿದಳು. ನನ್ನ ಕಡೆ ನೋಡಿದಳು. ಆಮೇಲೆ 'ನಾ ಬರಲಿಲ್ಲ ನನ್ನಕ್ಕ' ಎಂದು ತಿರುಗಿಸಿದಳು. ಸೌಮ್ಯಾ ಹಿಂದಿನ ಬಾಗಿಲ ಹತ್ತಿರ ಪರ್ಸು ಎತ್ತಿಕೊಂಡು ಹೊರಡಲು ನಿಂತಿದ್ದಳು.

ನಾನು ಎದ್ದೆ.

"ಹಂಗಲ್ಲ ಅದು. ಚಿಲಕ ನಾ ಹಾಕೀನಿ. ಆಕಿ ಚಪ್ಪಲಿ ಮೆಟ್ಟಿದ್ಲು, ನಾ ಬಿಡಲಿಲ್ಲ" ಎಂದೆ. ಇನ್ನೂ ಹೇಳುವುದಿತ್ತು, ಡಾಕ್ಟರು, ಸಕ್ಕರೆ ಕಾಯಿಲೆ, ಮೂರನೆಯ ಮಹಡಿ. ಅದು ಯಾವುದೂ ಬಾಯಿಗೆ ಬರಲಿಲ್ಲ.

ಗುರುಬಾಯಿ ಆಗ ಅತ್ತಳು. ಐದು ವರ್ಷದ ಮೇಲೆ ಮೊದಲ ಸಲ, ಸೆರಗು ಮುಚ್ಚಿಕೊಳ್ಳದೆ, ಆ ಚಿಲಕದ ಸಾಲನ್ನು ಮೂರು ಸಲ ಹಾಡಿ ಅತ್ತಳು. ನನ್ನನ್ನು ಹೆಸರು ಹಿಡಿದು ಬೈದಳು, ಹಾಡಿನಲ್ಲಿ ಅದಕ್ಕೆ ಅವಕಾಶವಿದೆ. ಸೌಮ್ಯಾ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದು ಅವಳ ಕೊರಳಿಗೆ ಬಿದ್ದಳು. ಆ ಹುಡುಗಿಗೆ ಹಾಡಿ ಅಳಲು ಬರುವುದಿಲ್ಲ. ಚಿಗವ್ವ ಹೇಳಿಕೊಟ್ಟಂತೆ, ಒಂದೊಂದೇ ಮಾತನ್ನು ಅವಳ ಹಿಂದೆ ಹಾಡಿದಳು, ಅರ್ಧ ಕನ್ನಡ, ಅರ್ಧ ಹಿಂದಿ. ಸಂಘದ ಹೆಂಗಸರೆಲ್ಲ ಎದ್ದು ಹೋಗಿ ಅವರನ್ನು ಸುತ್ತುವರಿದರು. ಉಳಿದ ಎರಡು ಹಾಡುಗಳಿಗೆ ಅರ್ಧ ಗಂಟೆ ತಡವಾಯಿತು.

ಕೊನೆಗೆ ಅಕ್ಷಯ ಬಂದು ಕ್ಷಮೆ ಕೇಳಿದ. ವಂದನಾರ್ಪಣೆಯಲ್ಲಿ ಹಾಡು ಬರೆದವರ ಹೆಸರು ಬಿಟ್ಟುಹೋಗಿತ್ತಂತೆ. ಅವನು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು.

ಸೌಮ್ಯಾ ನನ್ನ ಜೊತೆ ಮಾತಾಡಲಿಲ್ಲ. ನ್ಯಾಯವೇ. ನಾವು ಮೂವರೂ ಸ್ಟೇಷನ್ನಿನವರೆಗೆ ನಡೆದೆವು, ಅವರಿಬ್ಬರು ಮುಂದೆ, ನಾನು ಹಿಂದೆ. ಗಾಡಿ ಬಂದಾಗ ಸೌಮ್ಯಾ ಲೇಡೀಸ್ ಡಬ್ಬಿ ಹತ್ತಿ, ಬಾಗಿಲಲ್ಲಿ ನಿಂತು, ಮೊದಲ ಸಲ ನನ್ನ ಕಡೆ ತಿರುಗಿದಳು.

"ಕಾಕಾ, ಮುಂದಿನ ಸಂಡೇ ಚಿಗವ್ವನ್ನ ಒಬ್ಬಾಕಿನ್ನ ನಮ್ಮ ಮನಿಗಿ ಕಳಸಬ್ಯಾಡ್ರಿ. ನೀವ ಕರಕೊಂಡ ಬರ್ರಿ."

ಬರುತ್ತೇನೆ ಎಂದೆ.